ಏಳು ಗೆರೆಗಳ ಅಂಕಿ

ಮಕ್ಕಳೇ, ರೋಣ, ನರಗುಂದ, ಗಜೇಂದ್ರಗಡದ ಕಡೆ ಹೆಸರುಕಾಳು, ಕಡಲೆ ಮಾರುವ ದಿನ ಮನೆಯವರೆಲ್ಲರ ಕಣ್ಣು ಕಾಟಾದ ಕೆಂಪು ಅಂಕಿಗಳ ಮೇಲೇ ಇರುತ್ತದೆ. ಒಂದು ಹಂಗಾಮಿನ ದುಡಿಮೆಯ ಬೆಲೆ ನಿಲ್ಲುವುದು ಆ ಅಂಕಿಗಳ ಮೇಲೆ. ಆ ಅಂಕಿಗಳು ಮೂಡುವುದು ಹೇಗೆ, ಗೊತ್ತೇ?

ಏಳು ಬೆಂಕಿಕಡ್ಡಿ ತೆಗೆದುಕೊಂಡು 8 ಜೋಡಿಸಿ. ಅಡ್ಡಲಾಗಿ ಮೂರು, ಉದ್ದಕ್ಕೆ ನಾಲ್ಕು. ಕಾಟಾದ ಪ್ರತಿಯೊಂದು ಅಂಕಿಯ ಮನೆಯಲ್ಲೂ ಇರುವುದು ಇಷ್ಟೇ, ಏಳು ಗೆರೆದೀಪ. ಬಲಗಡೆಯ ಎರಡು ಮಾತ್ರ ಉರಿದರೆ 1. ನಡುವಿನ ಅಡ್ಡಗೆರೆ ಬಿಟ್ಟು ಉಳಿದ ಆರೂ ಉರಿದರೆ 0. ಒಂದೊಂದು ದೀಪವೂ ಉರಿಯಬಹುದು ಅಥವಾ ಆರಿರಬಹುದು. ಹಾಗಾಗಿ ಒಟ್ಟು 128 ಬಗೆಯ ಆಕಾರ ಸಾಧ್ಯ. ಅಂಕಿಗಳಿಗೆ ಬೇಕಾದದ್ದು ಹತ್ತೇ. ಈ ಉಪಾಯ ಹಳೆಯದು. 1910ರ ಹೊತ್ತಿಗೇ ಸಣ್ಣ ಬಲ್ಬುಗಳಿಂದ ಇಂಥ ಅಂಕಿ ಬೆಳಗಿಸಿದ್ದರು. 1970ರ ದಶಕದಲ್ಲಿ ಎಲ್‌ಇಡಿ ಬಂದ ಮೇಲೆ ಕೈಗಡಿಯಾರ, ಕ್ಯಾಲ್ಕುಲೇಟರುಗಳಲ್ಲೆಲ್ಲ ಹರಡಿತು.

ನಮ್ಮ ಕನ್ನಡದ ೩, ೬, ೯ ಇದರಲ್ಲಿ ಸರಿಯಾಗಿ ಮೂಡವು. ಅವಕ್ಕೆ ಬಳುಕು ಬೇಕು, ಇಲ್ಲಿರುವುದು ನೆಟ್ಟಗಿನ ಗೆರೆ. ಅದಕ್ಕೇ ರೈಲು ನಿಲ್ದಾಣದ ಬೋರ್ಡಿನಲ್ಲಿ ಕನ್ನಡ ಬರೆಯಲು ಚುಕ್ಕಿದೀಪಗಳ ಸಾಲು ಬಳಸುತ್ತಾರೆ, ರಂಗೋಲಿಯ ಚುಕ್ಕಿಯ ಹಾಗೆ.

ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಬ್ರೌಸರಿನಲ್ಲೇ ಈ ಅಂಕಿ ಮಾಡಬಹುದು. ಏಳು ಸಣ್ಣ ಪಟ್ಟಿಗಳನ್ನು 8ರ ಆಕಾರಕ್ಕೆ ಕೂರಿಸಿ. ಮೇಲಿನಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದು ಹೆಸರಿಡಿ; ನಡುವಿನದು ಜಿ. ಯಾವ ಅಂಕಿಗೆ ಯಾವ ಪಟ್ಟಿ ಎಂದು ಜಾವಾಸ್ಕ್ರಿಪ್ಟಿನಲ್ಲಿ ಒಂದು ಕೋಷ್ಟಕ ಬರೆಯಿರಿ: 1ಕ್ಕೆ ಬಿ, ಸಿ, 7ಕ್ಕೆ ಎ, ಬಿ, ಸಿ. ಉರಿಯುವ ಪಟ್ಟಿಗೆ ಢಾಳಾದ ಕೆಂಪು ಬಣ್ಣ ಕೊಡಿ. ಆರಿದ್ದನ್ನು ಪೂರ್ತಿ ಮರೆಮಾಡಬೇಡಿ, ಮಬ್ಬುಗೆಂಪು ಮಾಡಿ. ಆಗ ನಿಜವಾದ ಕಾಟಾದಂತೆಯೇ ಕಾಣುತ್ತದೆ.

ಈಗ ನಾನು ಹೇಳಬೇಕೆಂದಿರುವ ಪ್ರಯೋಗ. ಒಂದು ಪಟ್ಟಿ ಎಂದೂ ಉರಿಯದಂತೆ ಮಾಡಿ ನೋಡಿ. ಜಿ ಕೆಟ್ಟರೆ 8 ಹೋಗಿ 0 ಆಗುತ್ತದೆ. ಚೀಲದ ತೂಕ 58 ಕಿಲೋ ಇದ್ದು, ಕೊನೆಯ ಅಂಕಿಯ ಜಿ ಕೆಟ್ಟಿದ್ದರೆ ಕಾಣುವುದು 50! ಬಿ ಕೆಟ್ಟರೆ 56, ಇ ಕೆಟ್ಟರೆ 59. ಯಂತ್ರ ತೂಗಿದ್ದು ಸರಿ, ಯಾರೂ ಸುಳ್ಳು ಹೇಳಿಲ್ಲ. ಆದರೂ ರೈತನಿಗೋ ಕೊಂಡವನಿಗೋ ನಷ್ಟ. ಅರ್ಧ ಮೂಡಿದ ಅಂಕಿ ಕಂಡರೆ ಕೆಟ್ಟಿದೆ ಎಂದು ತಿಳಿಯುತ್ತದೆ. ಇಲ್ಲಿ ತಪ್ಪು ಅಂಕಿಯೂ ಪೂರ್ಣ ಅಂಕಿಯಾಗಿಯೇ ಕಾಣುತ್ತದೆ, ಮೋಸ ಇರುವುದು ಅಲ್ಲಿ.

ಅದಕ್ಕಾಗಿಯೇ ಅನೇಕ ಕಾಟಾಗಳು ಚಾಲೂ ಮಾಡಿದ ಕೂಡಲೇ ಎಲ್ಲ ಮನೆಗಳಲ್ಲೂ 8 ತೋರಿಸುತ್ತವೆ, ಇಲ್ಲವೇ 0ಯಿಂದ 9ರವರೆಗೆ ಎಣಿಸುತ್ತವೆ. ಅದು ಅಲಂಕಾರವಲ್ಲ, ಎಲ್ಲ ದೀಪಗಳೂ ನೆಟ್ಟಗಿವೆಯೇ ಎಂಬ ಪರೀಕ್ಷೆ. ಮುಂದಿನ ಸಲ ಅಪ್ಪ, ಅಜ್ಜನ ಜೊತೆ ಪೇಟೆಗೆ ಹೋದಾಗ ಆ ಎರಡು ಕ್ಷಣ ಕಣ್ಣಿಟ್ಟು ನೋಡಿ. ಒಂದು 8 ಮುಕ್ಕಾಗಿದ್ದರೆ, "ಸಾವ್ಕಾರ್ರ, ಒಂದು ದೀಪ ಹತ್ತವಲ್ದು ನೋಡ್ರಿ" ಎನ್ನಲು ಅಂಜಬೇಡಿ. ದೊಡ್ಡವರ ಕಣ್ಣಿಗೆ ಬೀಳದ್ದು ನಿಮ್ಮ ಕಣ್ಣಿಗೆ ಬೀಳಬಹುದು.

ಈ ವಾರದ ಒಗಟು: ಏಳರಲ್ಲಿ ಒಂದು ಗೆರೆ, ಹತ್ತು ಅಂಕಿಗಳ ಪೈಕಿ ಒಂಬತ್ತರಲ್ಲಿ ಉರಿಯುತ್ತದೆ, ಒಂದರಲ್ಲಿ ಮಾತ್ರ ಇಲ್ಲ. ಅದು ಯಾವ ಗೆರೆ? ಯಾವ ಅಂಕಿ? ಬೆಂಕಿಕಡ್ಡಿ ಜೋಡಿಸಿ ಹುಡುಕಿ. ಕಡ್ಡಿ ಗೀರುವುದು ಮಾತ್ರ ಬೇಡ.