ಯಂತ್ರ ನಮ್ಮದು, ಕೀಲಿಕೈ ಯಾರದು?

ಕಂಪ್ಯೂಟರು ಇಂದು ಧನಿಕರ ಸೊತ್ತಾಗಿ ಉಳಿದಿಲ್ಲ. ಕಿರಾಣಿ ಅಂಗಡಿಯ ಲೆಕ್ಕ, ಗಿರಣಿ ಕಾರ್ಮಿಕನ ಮಗಳ ಪಾಠ, ಎರಡೂ ಅದರ ಮೇಲೆ ನಡೆಯುತ್ತಿವೆ. ಅದು ಗಟ್ಟಿಮುಟ್ಟಾಗಿರುವಾಗಲೇ "ಇದು ಹಳೆಯದಾಯಿತು, ಹೊಸದು ಕೊಳ್ಳಿ" ಎಂದು ಅಪ್ಪಣೆ ಮಾಡುವ ಅಧಿಕಾರ ಯಾರಿಗಿದೆ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮಿಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. 2021ರಲ್ಲಿ ಬಂದ ವಿಂಡೋಸ್ 11ರ ನಿಯಮದಂತೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವಿಲ್ಲದ ಯಂತ್ರಕ್ಕೆ ಪ್ರವೇಶವಿಲ್ಲ. ಇಂಟೆಲ್‌ನ 8ನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳೂ ಬಹುತೇಕ ಹೊರಗೆ. ಹೆಚ್ಚುವರಿ ವಾಯಿದೆ ಕೊಟ್ಟದ್ದುಂಟು. ವಾಯಿದೆಯಿಂದ ಸಾಲ ತೀರುವುದಿಲ್ಲವೆಂಬುದು ವ್ಯಾಪಾರಿಗಳಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಬೇರೆ ದಾರಿ ಇಲ್ಲವೆ? ಇದೆ. ಹಣ ತೆರದೆ ಯಾರು ಬೇಕಾದರೂ ಬಳಸಬಹುದಾದ ಲಿನಕ್ಸ್ ಇದೆ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಆರಂಭಿಸಿದ್ದು ಪೇಟೆಯಲ್ಲಿ ಸಿಗುತ್ತಿದ್ದ ಸಾಧಾರಣ 386 ಯಂತ್ರದ ಮೇಲೆ. ಒಂದೇ ಮಾದರಿಯಲ್ಲಿ ರಾಶಿರಾಶಿಯಾಗಿ ತಯಾರಾಗಿ ಅಗ್ಗವಾದ ಯಂತ್ರವೇ ಈ ಸ್ವಾತಂತ್ರ್ಯಕ್ಕೆ ತೊಟ್ಟಿಲಾಯಿತು. ಆದ್ದರಿಂದ ನಾವು ಅಗ್ಗದ ಯಂತ್ರದ ವಿರೋಧಿಗಳಲ್ಲ; ಅಗ್ಗದ ಹೆಸರಿನಲ್ಲಿ ಬೀಗ ಜಡಿಯುವುದರ ವಿರೋಧಿಗಳು.

ಈ ಬೀಗ ಹೊಸದಲ್ಲ. 1990ರ ದಶಕದ ಕೊನೆಯಲ್ಲಿ 'ವಿನ್‌ಮೋಡೆಂ' ಪೇಟೆಯನ್ನು ತುಂಬಿತು. ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ಟಿಗೆ ಸೇರಿಸುವ ಈ ಉಪಕರಣದಿಂದ ಚಿಪ್ಪುಗಳನ್ನು ಕಡಿಮೆ ಮಾಡಿ, ಆ ಕೆಲಸವನ್ನು ವಿಂಡೋಸಿನ ತಂತ್ರಾಂಶದ ಮೇಲೆ ಹೊರಿಸಿದರು. ಬೆಲೆ ಇಳಿಯಿತು. ಲಿನಕ್ಸ್ ಬಳಸುವವರ ಪಾಲಿಗೆ ಮಾತ್ರ ಅದು ಹಲವು ವೇಳೆ ಬರಿಯ ತಗಡಾಯಿತು. 2012ರಲ್ಲಿ ವಿಂಡೋಸ್ 8ರೊಡನೆ 'ಸೆಕ್ಯೂರ್ ಬೂಟ್' ಬಂತು: ಸಹಿ ಇಲ್ಲದ ತಂತ್ರಾಂಶದಿಂದ ಯಂತ್ರ ಚಾಲೂ ಆಗಕೂಡದು. ಕಳ್ಳ ತಂತ್ರಾಂಶವನ್ನು ತಡೆಯುವುದು ಒಳ್ಳೆಯದೇ. ಆದರೆ ಸಹಿ ಹಾಕುವವರು ಯಾರು? ಪ್ರಮುಖ ಲಿನಕ್ಸ್ ಆವೃತ್ತಿಗಳು ಸಹ ಮೈಕ್ರೋಸಾಫ್ಟಿನ ಸಹಿ ಪಡೆದೇ ಒಳಗೆ ಬರಬೇಕಾಯಿತು. ಸಾಮಾನ್ಯ ಪಿಸಿಗಳಲ್ಲಿ ಈ ಬೀಗ ತೆಗೆಯಲು ಅವಕಾಶವಿರಬೇಕೆಂಬ ನಿಯಮ ಆಗ ಇತ್ತು. ವಿಂಡೋಸ್ ಆರ್‌ಟಿ ಯಂತ್ರಗಳಿಗೆ ಅದೂ ಇರಲಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಆ ಅವಕಾಶವನ್ನು ತಯಾರಕರ ಮರ್ಜಿಗೆ ಬಿಟ್ಟರು. ಇಂದು ಮರ್ಜಿ, ನಾಳೆ?

"ಲಿನಕ್ಸ್ ಬಳಸುವವರು ಕೆಲವೇ ಮಂದಿ, ಅವರಿಗಾಗಿ ಖರ್ಚೇಕೆ?" ಎಂಬುದು ತಯಾರಕರ ವಾದ. ಬಾಗಿಲು ಮುಚ್ಚಿಟ್ಟು, ಒಳಗೆ ಯಾರೂ ಬರಲಿಲ್ಲವೆಂದು ದೂರಿದಂತಾಯಿತು. ನಾವು ಅವರ ಖರ್ಚನ್ನು ಬೇಡುತ್ತಿಲ್ಲ. ಯಂತ್ರದ ವಿವರಗಳನ್ನು ಪ್ರಕಟಿಸಲಿ. ಕೀಲಿಕೈಯನ್ನು ಕೊಂಡವರ ಕೈಗೆ ಕೊಡಲಿ. ಅದನ್ನು ನಡೆಸುವ ತಂತ್ರಾಂಶ ಬರೆಯಬಲ್ಲವರು ಲೋಕದಲ್ಲಿದ್ದಾರೆ.

ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಲಿನಕ್ಸಿನ ಮೇಲೆಯೇ ಕಲಿಯುತ್ತಿದ್ದಾರೆ. ನಮ್ಮ ಸರ್ಕಾರವೂ ತೆರಿಗೆ ಹಣದಿಂದ ಕೊಳ್ಳುವ ಪ್ರತಿ ಯಂತ್ರಕ್ಕೂ ಈ ಎರಡು ಷರತ್ತು ಹಾಕಲಿ. ಒಬ್ಬ ಗಿರಾಕಿಯ ಮಾತಿಗೆ ಕಿವುಡಾದವರು ಸಾವಿರಾರು ಯಂತ್ರಗಳ ಟೆಂಡರಿಗೆ ಕಿವುಡಾಗಲಾರರು.

ಲೆಕ್ಕದ ತಂತ್ರಾಂಶ ವಿಂಡೋಸನ್ನೇ ಬೇಡುವಾಗ ವ್ಯಾಪಾರಿಯ ಕೈಕಟ್ಟಿರುತ್ತದೆಂಬುದನ್ನು ನಾವು ಬಲ್ಲೆವು. ಆದರೂ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಹಾಕಿ ನೋಡಿರಿ. ಹೊಸದು ಕೊಳ್ಳುವಾಗ ಅಂಗಡಿಯಲ್ಲಿ ಕೇಳಿರಿ: ಇದರಲ್ಲಿ ಲಿನಕ್ಸ್ ನಡೆಯುತ್ತದೆಯೆ? ಬೀಗ ತೆಗೆಯಬಹುದೆ? ಹತ್ತು ಜನ ಕೇಳಿದರೆ ಅಂಗಡಿಯವನು ಕೇಳುತ್ತಾನೆ. ಊರೇ ಕೇಳಿದರೆ ಕಂಪನಿ ಕೇಳಲೇಬೇಕು. ದುಡ್ಡು ಕೊಟ್ಟವನೇ ಯಂತ್ರದ ಒಡೆಯನಾಗಬೇಕು.