ಹಳೆಯದು ರದ್ದಾಗಿಲ್ಲ

ಹೊಸ ಒಡಂಬಡಿಕೆ ಬಂದ ಮೇಲೆ ಕ್ರೈಸ್ತರಿಗೆ ಹಳೆಯದು ಬೇಕಿಲ್ಲವೆಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಆದಿ ಸಭೆಯ ಕಾಲದ ಬೋಧಕ ಮಾರ್ಸಿಯೋನನೂ ಹಳೆಯದನ್ನು ತಳ್ಳಿಹಾಕಿದ್ದ, ಕ್ರಿ.ಶ. 144ರ ಸುಮಾರಿಗೆ ರೋಮಿನ ಸಭೆ ಅವನನ್ನೇ ಹೊರಹಾಕಿತು. ಹೊಸ ಒಡಂಬಡಿಕೆಯ ವಾಗ್ದಾನ ಇರುವುದಾದರೂ ಎಲ್ಲಿ? ಯೆರೆಮೀಯನ 31ನೇ ಅಧ್ಯಾಯದಲ್ಲಿ, ಹಳೆಯದರ ಒಳಗೇ! ಲೇಖಕರು ನೆಚ್ಚಿದ ಇಬ್ರಿಯರ ಪತ್ರಿಕೆಯೂ ಆ ಪ್ರವಾದಿಯನ್ನೇ ಆಧರಿಸಿದೆ.

ಅನ್ಯಜನರಿಗೆ ಸುನ್ನತಿಯ ಕಟ್ಟಿಲ್ಲ, ಒಪ್ಪುತ್ತೇನೆ. ಯೆರೂಸಲೇಮಿನ ಸಭೆ ಅಂದೇ ಅದನ್ನು ತೀರ್ಮಾನಿಸಿತು. ಆದರೆ ಬಡವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬ ಧರ್ಮೋಪದೇಶಕಾಂಡದ ಕಟ್ಟಳೆ? ಬದನಗುಪ್ಪೆ ಸೀಮೆಯ ಕೂಲಿಯವರ ಮುಂದೆ ನಿಂತು ಅದು ರದ್ದೆಂದು ಯಾವ ಬಾಯಲ್ಲಿ ಹೇಳುವುದು? ಯಾಕೋಬನ ಪತ್ರಿಕೆಯಂತೂ ಕೂಲಿ ಹಿಡಿದಿಟ್ಟ ಧಣಿಗಳನ್ನು ಮತ್ತೆ ಗದರುತ್ತದೆ.

ಆರಾಧನೆಯೂ ಹಳೆಯದನ್ನು ಕೈಬಿಟ್ಟಿಲ್ಲ: ಈಸ್ಟರ್ ಜಾಗರಣೆಗೆ ಕಥೋಲಿಕ ಸಭೆ ಹಳೆಯ ಒಡಂಬಡಿಕೆಯ 7 ವಾಚನಗಳನ್ನು ಗೊತ್ತುಮಾಡಿದೆ. ಕೆಲವನ್ನು ಬಿಡಬಹುದು, ಇಸ್ರಾಯೇಲರು ಕಡಲು ದಾಟಿದ ಭಾಗವನ್ನು ಮಾತ್ರ ಬಿಡುವಂತಿಲ್ಲ.