ನೆಗಡಿಯ ಮಾತ್ರೆಗೆ ಮೂತ್ರ ಕಟ್ಟುವುದೇಕೆ?

ಮಳೆಗಾಲದ ನೆಗಡಿಗೆ ಔಷಧಿ ಅಂಗಡಿಯಿಂದ ಒಂದು ಪಟ್ಟಿ ಮಾತ್ರೆ ತಂದು ಮನೆಮಂದಿಯೆಲ್ಲ ನುಂಗುವುದು ವಾಡಿಕೆ. ಮೊಮ್ಮಗನಿಗೆ ಮೂಗು ಒಣಗುತ್ತದೆ, ತುಸು ನಿದ್ದೆ ಬರುತ್ತದೆ, ಅಷ್ಟೆ. ಅದೇ ಮಾತ್ರೆ ನುಂಗಿದ ಎಪ್ಪತ್ತರ ಅಜ್ಜ ರಾತ್ರಿಯೆಲ್ಲ ಬಚ್ಚಲಿಗೆ ಎಡತಾಕಿ, ಹನಿ ಮೂತ್ರವೂ ಬಾರದೆ, ಕಿಬ್ಬೊಟ್ಟೆ ಉಬ್ಬಿಕೊಂಡು ಆಸ್ಪತ್ರೆ ಸೇರುವುದುಂಟು. ಮೂಗಿಗೆಂದು ಕೊಟ್ಟ ಮದ್ದಿಗೆ ಮೂತ್ರಕೋಶದಲ್ಲೇನು ಕೆಲಸ?

ಮೂತ್ರಕೋಶವೆಂದರೆ ಸ್ನಾಯುವಿನ ಚೀಲ. ದೊಡ್ಡವರಲ್ಲಿ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ತುಂಬುವಾಗ ಚೀಲ ಸಡಿಲ, ಅದರ ಕೊರಳು ಬಿಗಿ. ಖಾಲಿಯಾಗುವಾಗ ಇದು ತಿರುಗುಮುರುಗು. ಚೀಲದ ಗೋಡೆಯ ಸ್ನಾಯುವಿಗೆ ಡೆಟ್ರೂಸರ್ ಎಂದು ಹೆಸರು. ಮೂತ್ರ ಮಾಡುವಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದು, ಸ್ನಾಯುಕೋಶಗಳ ಮೇಲಿನ ಮಸ್ಕರಿನಿಕ್ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಆಗ ಕೋಶದೊಳಗೆ ಕ್ಯಾಲ್ಸಿಯಂ ಏರಿ ಸ್ನಾಯು ಸಂಕುಚಿಸುತ್ತದೆ. ನರಗಳು ಹೀಗೆ ರಾಸಾಯನಿಕದ ಮೂಲಕ ಸಂದೇಶ ಮುಟ್ಟಿಸುತ್ತವೆ ಎಂಬುದನ್ನು 1921ರಲ್ಲಿ ಕಪ್ಪೆಯ ಹೃದಯದಲ್ಲಿ ತೋರಿಸಿದವರು ಆಟೋ ಲೋವಿ. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು.

ಔಷಧಿಯ ಆಟವನ್ನು ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಾಣಬಹುದು. ಪ್ರಾಣಿಯ ಮೂತ್ರಕೋಶದ ಸಣ್ಣ ಪಟ್ಟಿಯೊಂದನ್ನು ಆಮ್ಲಜನಕ ಹಾಯಿಸಿದ ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಬಿಟ್ಟರೆ ಅದು ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಅಸಿಟೈಲ್‌ಕೋಲಿನ್‌ನ ಹಾಗೆಯೇ ವರ್ತಿಸುವ ಕಾರ್ಬಕಾಲ್ ಹನಿಸಿದರೆ ಪಟ್ಟಿ ಕುಗ್ಗುತ್ತದೆ. ತೊಳೆದು, ಅಟ್ರೋಪಿನ್ ಹಾಕಿ, ಮತ್ತೆ ಅಷ್ಟೇ ಕಾರ್ಬಕಾಲ್ ಹನಿಸಿದರೆ ಪಟ್ಟಿ ಅಲುಗುವುದಿಲ್ಲ. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಟವೆಲ್ ತಾನೂ ಪ್ರಯಾಣ ಮಾಡದು, ಕೂರಲು ಬಂದವನಿಗೂ ಜಾಗ ಕೊಡದು. ಕಾರ್ಬಕಾಲ್ ಪ್ರಮಾಣವನ್ನು ಏರಿಸುತ್ತ ಹೋದರೆ ಮಾತ್ರ ನೂಕುನುಗ್ಗಲಿನಲ್ಲಿ ಟವೆಲ್ ಸರಿದು ಸ್ನಾಯು ಮತ್ತೆ ಕುಗ್ಗುತ್ತದೆ. ಹಿಂದೆ ಫಾರ್ಮಸಿ ವಿದ್ಯಾರ್ಥಿಗಳು ಹೊಗೆ ಹಿಡಿಸಿದ ಕಾಗದದ ಉರುಳೆಯ ಮೇಲೆ ಇಂಥ ಗೆರೆಗಳನ್ನು ಮೂಡಿಸಿ ಕೈಯೆಲ್ಲ ಮಸಿ ಮಾಡಿಕೊಳ್ಳುತ್ತಿದ್ದರು. ಈಗ ಆ ಕೆಲಸ ಕಂಪ್ಯೂಟರಿನದು.

ಬೇಲಿಸಾಲಿನ ಉಮ್ಮತ್ತಿ ಗಿಡದಲ್ಲಿರುವುದೂ ಈ ಜಾತಿಯ ವಿಷವೇ. ಅದರ ಬೀಜ ತಿಂದ ಮಕ್ಕಳಿಗೆ ಬಾಯಿ ಒಣಗಿ, ಕಣ್ಣಪಾಪೆ ಹಿಗ್ಗಿ, ಮೂತ್ರವೂ ಕಟ್ಟಬಹುದು.

ಇನ್ನು ನೆಗಡಿ ಮಾತ್ರೆ. ಅವುಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಅಲರ್ಜಿಯನ್ನು ತಡೆಯುವುದರ ಜೊತೆಗೆ ತುಸು ಟವೆಲ್ ಹಾಕುವ ಕೆಲಸವನ್ನೂ ಮಾಡುತ್ತದೆ. ಮೂಗಿನ ಕಟ್ಟು ಬಿಡಿಸಲೆಂದು ಸೇರಿಸುವ ಫಿನೈಲ್‌ಎಫ್ರಿನ್ ರಕ್ತನಾಳಗಳನ್ನಷ್ಟೇ ಅಲ್ಲ, ಮೂತ್ರಕೋಶದ ಕೊರಳನ್ನೂ ಬಿಗಿಮಾಡಬಲ್ಲದು. ಹರೆಯದವರಿಗೆ ಇದು ತಿಳಿಯುವುದೇ ಇಲ್ಲ. ಪ್ರಾಸ್ಟೇಟ್ ಗ್ರಂಥಿ ಬೆಳೆದು ದಾರಿ ಮೊದಲೇ ಇಕ್ಕಟ್ಟಾಗಿರುವ ಅಜ್ಜನಲ್ಲಿ ಮಾತ್ರ ನೂಕುವ ಬಲವೂ ತಗ್ಗಿ, ಬಾಗಿಲೂ ಬಿಗಿಯಾಗುತ್ತದೆ. ಹೊಟ್ಟೆನೋವಿಗೆ ಕೊಡುವ ಡೈಸೈಕ್ಲೋಮಿನ್ ಕೂಡ ಟವೆಲ್ ಹಾಕುವ ಬಳಗದ್ದೇ.

ಒಬ್ಬರಿಗೆ ಕಾಟವಾದದ್ದು ಇನ್ನೊಬ್ಬರಿಗೆ ಮದ್ದು. ಪದೇಪದೇ ಅವಸರವಾಗುವವರಿಗೆ ಸ್ನಾಯುವನ್ನು ತಣಿಸಲು ಆಕ್ಸಿಬ್ಯುಟಿನಿನ್ ಕೊಡುತ್ತಾರೆ. ಜೊಲ್ಲಿನ ಗ್ರಂಥಿಗಳಲ್ಲೂ ಅದೇ ಗ್ರಾಹಕಗಳಿರುವುದರಿಂದ ಅವರ ಬಾಯಿ ಒಣಗುತ್ತದೆ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮಿರಾಬೆಗ್ರಾನ್ ಬೇರೆಯೇ ಗ್ರಾಹಕವನ್ನು ಹಿಡಿದು ಸ್ನಾಯುವನ್ನು ಸಡಿಲಿಸುತ್ತದೆ. ಅದರಲ್ಲಿ ಬಾಯಿ ಒಣಗುವ ಕಾಟ ಕಡಿಮೆ.

ಮೂತ್ರ ಕಟ್ಟಿದಾಗ ಚೊಂಬುಗಟ್ಟಲೆ ನೀರು ಕುಡಿಸುವ ಮನೆಮದ್ದು ತರವಲ್ಲ. ತುಂಬಿದ ಚೀಲ ಇನ್ನಷ್ಟು ಬಿಗಿಯುತ್ತದೆ. ಆಸ್ಪತ್ರೆಯಲ್ಲಿ ನಳಿಕೆ ಹಾಕಿದರೆ ಕೆಲವೇ ನಿಮಿಷಗಳಲ್ಲಿ ನೋವು ಇಳಿಯುತ್ತದೆ. ಹೊರಡುವಾಗ ಅಜ್ಜ ನುಂಗಿದ ಮಾತ್ರೆಗಳ ಪಟ್ಟಿಯನ್ನೂ ಜೇಬಿಗೆ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಬೇಕು.